ಆಪ್ಷನ್ ಎಂಟ್ರಿಗೆ ಮುಂಚೆ ಕಾಲೇಜಿನ ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ಸಿಇಟಿ ಮುಗಿದಿದೆ. ಪಿಯುಸಿ ಸೈನ್ಸ್ ಓದಿದ ಮಕ್ಕಳಿರುವ ಮನೆಗಳಲ್ಲಿ ಈಗ ರ‍್ಯಾಂಕಿನದ್ದೇ ಮಾತು. ಎಷ್ಟು ಬರಬಹುದು, ಯಾವ ಬ್ರಾಂಚ್ ಸಿಗಬಹುದು, ಕಂಪ್ಯೂಟರ್ ಸೈನ್ಸ್ ಆಗುತ್ತೋ ಇಲ್ಲವೋ. ನಾಲ್ಕು ವರ್ಷ ಮಗನೋ ಮಗಳೋ ಹೋಗಿ ಇರಬೇಕಾದ ಕಾಲೇಜನ್ನು ಯಾರಾದರೂ ಕಣ್ಣಾರೆ ನೋಡಿದ್ದೀರಾ ಅಂತ ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಎರಡು ಎಕರೆ ಹೊಲ ಕೊಳ್ಳುವಾಗ ಬದುವಿನ ಮೇಲೆ ಓಡಾಡಿ, ಮಣ್ಣು ಹಿಡಿದು, ಕಾಲುವೆ ನೀರು ಬರುತ್ತಾ ಅಂತ ನಾಲ್ಕು ಜನರನ್ನು ವಿಚಾರಿಸುವವರು ನಾವು. ಮಕ್ಕಳ ಕಾಲೇಜನ್ನು ನೋಡದೆಯೇ ಆರಿಸುತ್ತೇವೆ.

ನನ್ನ ಕೋರಿಕೆ ಇಷ್ಟೇ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಂಜಿನಿಯರಿಂಗ್ ಮತ್ತು ಕೃಷಿ ಕಾಲೇಜುಗಳು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತುಂಬುವುದು) ಶುರುವಾಗುವ ಮುಂಚೆ ಒಂದೆರಡು ದಿನ ಗೊತ್ತು ಮಾಡಲಿ. ಆ ದಿನ ಪಿಯುಸಿ ಮುಗಿಸಿದ ಯಾವ ಮಗು ಬಂದರೂ, ಯಾವ ಪಾಲಕರು ಬಂದರೂ ಒಳಗೆ ಬಿಟ್ಟುಕೊಂಡು ಲ್ಯಾಬು, ಲೈಬ್ರರಿ, ಹಾಸ್ಟೆಲ್ಲು ತೋರಿಸಲಿ. ಅಡ್ಮಿಶನ್ ಮಾತು ಆ ದಿನ ಬೇಡ.

ನಾನು ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಮಗಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಬಿ.ಟೆಕ್ ಓದುತ್ತಿದ್ದಾಳೆ. ಮಗ ಈ ಸಲ ಪಿಯುಸಿ ಮುಗಿಸಿದ್ದಾನೆ. ಹಾಗಾಗಿ ಈ ದಾರಿ ನನಗೆ ಒಂದಿಷ್ಟು ಗೊತ್ತು.

ಆಪ್ಷನ್ ಎಂಟ್ರಿಯ ಕೊನೇ ದಿನಗಳಲ್ಲಿ ನಮ್ಮ ಕಡೆಯ ಕಂಪ್ಯೂಟರ್ ಸೆಂಟರ್‌ಗಳನ್ನು ನೋಡಬೇಕು. ರಾತ್ರಿ ಹತ್ತಾದರೂ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಒಬ್ಬನೇ ಹುಡುಗ, ಎರಡು ಕಂಪ್ಯೂಟರ್. ಸರದಿ ಬಂದವರು ಸಿಇಟಿ ನಂಬರ್ ಕೊಡುತ್ತಾರೆ, ಮೊಬೈಲಿಗೆ ಬಂದ ಓಟಿಪಿ ಓದಿ ಹೇಳುತ್ತಾರೆ. "ಯಾವ ಕಾಲೇಜು ಹಾಕ್ಲಿ?" ಅಂತ ಅವನು ಕೇಳಿದರೆ "ನೀನ ಚಲೋವು ನೋಡಿ ಹಾಕಪ್ಪ" ಅನ್ನುತ್ತಾರೆ. ಪಾಪ, ಅವನೂ ಆ ಕಾಲೇಜುಗಳನ್ನು ನೋಡಿದವನಲ್ಲ. ಹಿಂದಿನ ವರ್ಷದ ಕಟಾಫ್ ರ‍್ಯಾಂಕಿನ ಹಾಳೆ ಮುಂದಿಟ್ಟುಕೊಂಡು, ಅದರ ಪ್ರಕಾರ ಒಂದರ ಕೆಳಗೊಂದು ಒತ್ತುತ್ತಾ ಹೋಗುತ್ತಾನೆ. ಬೇರೆ ಬೇರೆ ಮಕ್ಕಳಿಗೆ ಹೆಚ್ಚುಕಡಿಮೆ ಒಂದೇ ಪಟ್ಟಿ.

ಆ ಪಟ್ಟಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದರಲ್ಲೇ ಎಲ್ಲ ಇದೆ. ಸೀಟು ಹಂಚುವಾಗ ಮೇಲಿನಿಂದ ನೋಡುತ್ತಾ ಬರುತ್ತಾರೆ. ಮಗುವಿನ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅದೇ ಸೀಟು, ಅದರ ಕೆಳಗಿನವು ಅಲ್ಲಿಗೆ ಮುಗಿದವು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅದಕ್ಕಾಗಿ ಮಗು ಎರಡು ವರ್ಷ ನಿದ್ದೆಗೆಟ್ಟಿರುತ್ತದೆ. ಹಾಗೆ ಗಳಿಸಿದ ರ‍್ಯಾಂಕನ್ನು ಎಲ್ಲಿ ಬಳಸಬೇಕು ಅನ್ನುವುದನ್ನು ಮಾತ್ರ ಹತ್ತು ನಿಮಿಷದಲ್ಲಿ, ಗೊತ್ತಿಲ್ಲದ ಕೈಗೆ ಕೊಟ್ಟು ಬರುತ್ತೇವೆ.

ನಮ್ಮ ಮಿಲ್ಲಿನಲ್ಲಿ ಹಮಾಲಿ ಮಾಡುವ ಒಬ್ಬರ ಮಗನಿಗೆ ಹೀಗೇ ಆಯಿತು. ಹುಷಾರಿ ಹುಡುಗ. ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಒಳ್ಳೇ ರ‍್ಯಾಂಕ್ ತಂದಿದ್ದ. ಪಟ್ಟಿ ತುಂಬಿದವರು ಯಾರೋ, ಸೀಟು ಸಿಕ್ಕಿದ್ದು ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕಾಲೇಜಿನಲ್ಲಿ. ಟ್ರಂಕು, ಹಾಸಿಗೆ, ರೊಟ್ಟಿ ಗಂಟು ಹೊತ್ತುಕೊಂಡು ಅಪ್ಪ ಮಗ ಹೋದಾಗಲೇ ಗೊತ್ತಾಗಿದ್ದು, ಕಾಲೇಜಿಗೆ ಸ್ವಂತ ಹಾಸ್ಟೆಲ್ಲೇ ಇಲ್ಲ ಅಂತ. ಪಿಜಿಗೆ ತಿಂಗಳಿಗೆ ಕೇಳಿದ ಬಾಡಿಗೆ ಆ ಅಪ್ಪನ ಕೂಲಿಯ ಮುಕ್ಕಾಲು ಪಾಲು. ಹುಡುಗ ಒಂದು ಸೆಮಿಸ್ಟರ್ ಹೇಗೋ ತೆಗೆದು ವಾಪಸ್ ಬಂದ. ಬರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲು ಕಾಲೇಜು ಸತಾಯಿಸಿತು. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಹೀಗೆ ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅದನ್ನು ಬರೆದುಕೊಟ್ಟು ಕಳಿಸಿದ ಮೇಲೆ ಕಾರ್ಡು ಕೈಗೆ ಬಂತು. ವರ್ಷ ಮಾತ್ರ ವಾಪಸ್ ಬರಲಿಲ್ಲ. ಕಾಲೇಜಿಗೆ ಹಾಸ್ಟೆಲ್ ಇದೆಯಾ ಅನ್ನುವ ಒಂದು ಪ್ರಶ್ನೆಯನ್ನು ಮೊದಲೇ ಕೇಳಲು ಆ ಅಪ್ಪನಿಗೆ ದಾರಿ ಇದ್ದಿದ್ದರೆ ಸಾಕಿತ್ತು.

ನೋಡಲು ಹೋದರೆ ಬಿಡುತ್ತಾರಾ ಅನ್ನುವುದು ಮುಂದಿನ ಪ್ರಶ್ನೆ. ಮಗಳನ್ನು ಕರೆದುಕೊಂಡು ನಾನು ಮೊದಲು ಹೋದ ಖಾಸಗಿ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ "ಅಡ್ಮಿಶನ್ ಮಾಡ್ಸಾಕ ಬಂದೀರೇನ್ರೀ?" ಅಂದ. ಇಲ್ಲ, ನೋಡಿಕೊಂಡು ಹೋಗಲು ಬಂದಿದ್ದೇವೆ ಅಂದೆ. ನೋಡುವುದು ಅಂದರೇನು ಅನ್ನುವಂತೆ ನಿಂತ. ಒಳಗೆ ಎಸಿ ಕೋಣೆಯಲ್ಲಿ ಕೂರಿಸಿ ದಪ್ಪ ಬಣ್ಣದ ಪುಸ್ತಕ ಕೊಟ್ಟರು, ಮ್ಯಾನೇಜ್‌ಮೆಂಟ್ ಸೀಟಿನ ದರ ಹೇಳಿದರು. ಲ್ಯಾಬ್ ತೋರಿಸಿ ಅಂದರೆ, ಸೀಟು ಬುಕ್ ಮಾಡಿದ ಮೇಲೆ ತೋರಿಸುತ್ತೇವೆ ಅಂದರು. ಮಗಳು ಆ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಎದ್ದು ಬಂದಳು.

ರಾಯಚೂರಿನಲ್ಲಿ ಹಾಗಾಗಲಿಲ್ಲ. ಕಾರಟಗಿಯಿಂದ ಸಿಂಧನೂರು, ಮಾನ್ವಿ ಮೇಲೆ ಬಸ್ಸಿನಲ್ಲಿ ಹೋಗಿ ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಗೇಟಿನಲ್ಲಿ ಇಳಿದೆವು. ಅಲ್ಲಿಗೆ ಹೋಗಬೇಕು ಅಂತ ಹಟ ಮಾಡಿದ್ದು ಅವಳೇ. ಕಚೇರಿಯಲ್ಲಿ ವಿಷಯ ಹೇಳಿದಾಗ ಒಬ್ಬ ಮೇಷ್ಟ್ರು ಅಟೆಂಡರನ್ನು ಜೊತೆ ಮಾಡಿ ಕಳಿಸಿದರು. ಆತ ಆಹಾರ ಸಂಸ್ಕರಣೆಯ ಲ್ಯಾಬಿನ ಬೀಗ ತೆಗೆದು, ಒಂದು ಮೂಲೆಯಲ್ಲಿದ್ದ ಸಣ್ಣ ಯಂತ್ರಕ್ಕೆ ಹಿಡಿ ಭತ್ತ ಹಾಕಿ ಚಾಲೂ ಮಾಡಿದ. ರಬ್ಬರ್ ರೋಲಿನ ನಡುವೆ ಸಿಪ್ಪೆ ಬಿಟ್ಟುಕೊಂಡು ಅಕ್ಕಿ ಕೆಳಗೆ ಬಿತ್ತು. "ಅಪ್ಪಾ, ನಿಮ್ಮ ಮಿಲ್ಲಿನ್ಯಾಗಿನ ಶೆಲ್ಲರ್ ಐತಲ್ಲ, ಅದ ಇದು" ಅಂದಳು ಮಗಳು. ಅಂಗೈ ಮೇಲೆ ಅಕ್ಕಿ ಹರಡಿ ಇಡೀ ಕಾಳು ಎಷ್ಟು, ನುಚ್ಚು ಎಷ್ಟು ಅಂತ ಬೆರಳಿನಿಂದ ಬೇರೆ ಮಾಡತೊಡಗಿದಳು. ಭತ್ತದ ತೇವ ಜಾಸ್ತಿಯಾದರೆ ನುಚ್ಚು ಯಾಕೆ ಜಾಸ್ತಿಯಾಗುತ್ತದೆ ಅಂತ ಆ ಅಟೆಂಡರನ್ನೇ ಕೇಳಿದಳು. ಆತ "ಸರ್‌ನ ಕರಿತೀನಿ ತಡಿ ತಂಗಿ" ಅಂತ ಹೋಗಿ ಮೇಷ್ಟ್ರನ್ನು ಕರೆತಂದ. ಅವರಿಬ್ಬರೂ ಮಾತಾಡುತ್ತಾ ನಿಂತರು, ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ನುಚ್ಚಿನ ಲೆಕ್ಕ ನಾನು ದಿನಾ ಬರೆಯುತ್ತೇನೆ. ಅದನ್ನು ಓದಿನ ವಿಷಯವಾಗಿ ನನ್ನ ಮಗಳು ಕೇಳುತ್ತಾಳೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ಸೀನಿಯರ್ ಹುಡುಗಿಯರ ಪಕ್ಕ ಹೋಗಿ ಕೂತಳು. ಹಾಸ್ಟೆಲ್ಲಿನಲ್ಲಿ ಬೇಸಿಗೆಗೆ ನೀರು ಬರುತ್ತಾ, ಕನ್ನಡ ಮೀಡಿಯಂನಿಂದ ಬಂದವರು ಮೊದಲ ವರ್ಷ ಹೇಗೆ ತೂಗಿಸುತ್ತಾರೆ, ಸಂಜೆ ಎಷ್ಟು ಹೊತ್ತಿನವರೆಗೆ ಲೈಬ್ರರಿ. ಇವೆಲ್ಲ ಯಾವ ಬಣ್ಣದ ಪುಸ್ತಕದಲ್ಲೂ ಇರುವುದಿಲ್ಲ. ನನ್ನ ಹೆಂಡತಿ ಫೋನಿನಲ್ಲಿ ಕೇಳಿದ್ದೂ ಅದನ್ನೇ: ಹಾಸ್ಟೆಲ್ಲಿನಿಂದ ಕ್ಲಾಸಿಗೆ ಎಷ್ಟು ದೂರ, ರಾತ್ರಿ ದೀಪ ಇರುತ್ತಾ? ಆ ಹುಡುಗಿಯರೇ ಫೋನ್ ತೆಗೆದುಕೊಂಡು "ಏನೂ ಚಿಂತಿ ಮಾಡಬ್ಯಾಡ್ರಿ ಅಮ್ಮಾರ" ಅಂದರು. ಅದಾದ ಮೇಲೆ ಮನೆಯಲ್ಲಿ ಆ ವಿಷಯ ಮತ್ತೆ ಬರಲಿಲ್ಲ.

ಬಂದಿದ್ದು ಬೇರೆ ವಿಷಯ. ಕಂಪ್ಯೂಟರ್ ಸೈನ್ಸ್ ಸಿಗುವ ರ‍್ಯಾಂಕ್ ಇಟ್ಟುಕೊಂಡು ಹೆಣ್ಣುಮಗಳನ್ನು ಭತ್ತದ ಯಂತ್ರ ಓದಲು ಕಳಿಸುತ್ತಾರಾ ಅಂತ ನೆಂಟರೆಲ್ಲ ಕೇಳಿದರು. ನನ್ನ ಅಣ್ಣನಂತೂ ಗಂಗಾವತಿಯಿಂದ ಗಾಡಿ ಹತ್ತಿ ಬಂದು ರಾತ್ರಿ ಊಟದ ಹೊತ್ತಿಗೆ ಈ ಮಾತು ತೆಗೆದ. ಅವನಿಗೂ ಅವಳ ಮೇಲೆ ಪ್ರೀತಿಯೇ. ಮಗಳು ಎದುರು ಮಾತಾಡಲಿಲ್ಲ. ತಾನು ನೋಡಿ ಬಂದ ಕಾಲೇಜುಗಳ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ದೊಡ್ಡಪ್ಪನ ಮುಂದೆ ಓದಿದಳು. ಎಲ್ಲಿ ಯಾವ ಯಂತ್ರ ನಡೆಯುತ್ತಿತ್ತು, ಎಲ್ಲಿ ಹೊದಿಕೆ ಹಾಕಿ ಇಟ್ಟಿದ್ದರು, ಹುಡುಗರು ಏನಂದರು. ನೋಡಿ ಬಂದ ಮಗುವಿನ ಮಾತಿಗೆ ಒಂದು ತೂಕ ಬರುತ್ತದೆ. ದೊಡ್ಡವರಿಗೂ ಅದನ್ನು ತಳ್ಳಿಹಾಕುವುದು ಕಷ್ಟ. ಅಣ್ಣ ಪೂರ್ತಿ ಒಪ್ಪಲಿಲ್ಲ, ಆದರೆ "ನಿನ್ನ ಪಟ್ಟಿ, ನೀನ ಬರಿ" ಅಂದ. ಪಾಲಕರಾಗಿ ನಾವು ಮಾಡಬೇಕಾದ ಕೆಲಸ ಇದೇ ಅಂತ ನಾನು ನಂಬಿದ್ದೇನೆ. ಬಸ್ ಚಾರ್ಜು ಕೊಟ್ಟು, ಜೊತೆಗೆ ಹೋಗಿ, ಫೀ ಎಷ್ಟು ಕೈಗೆ ಎಟಕುತ್ತದೆ ಅಂತ ಮೊದಲೇ ಬಿಚ್ಚಿ ಹೇಳಿ, ಆಮೇಲೆ ಪಟ್ಟಿ ಬರೆಯುವ ಪೆನ್ನನ್ನು ಮಗುವಿನ ಕೈಗೇ ಬಿಡುವುದು.

ನಮ್ಮ ಭಾಗದ ಕಾಲೇಜುಗಳನ್ನೇ ನೋಡಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಮಕ್ಕಳ ಸೀಟುಗಳು ಹೆಚ್ಚಾಗಿ ಇರುವುದೇ ಇಲ್ಲಿ. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಈ ಭಾಗದವರಿಗೆ ಮೀಸಲು. ಹೊರಗಿನ ಕರ್ನಾಟಕದಲ್ಲಿ ಅದು ಶೇ 8. 2012ರಲ್ಲಿ ಸಂಸತ್ತು ಈ ವಿಧಿ ತಂದ 98ನೇ ತಿದ್ದುಪಡಿ ಒಪ್ಪಿದ್ದರ ಹಿಂದೆ ಎಷ್ಟು ವರ್ಷಗಳ ಹೋರಾಟ ಇತ್ತು ಅಂತ ನನ್ನ ವಯಸ್ಸಿನವರಿಗೆ ನೆನಪಿದೆ. ಅಷ್ಟು ಕಷ್ಟಪಟ್ಟು ಪಡೆದ ಸೀಟು ಇರುವ ಕಾಲೇಜು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಬಳ್ಳಾರಿಯಲ್ಲಿ 1980ರಲ್ಲೇ ಶುರುವಾದ ಎಂಜಿನಿಯರಿಂಗ್ ಕಾಲೇಜು ಇದೆ. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜು ಇದೆ. ದಿನಾ ಅದರ ಮುಂದೆ ಬಸ್ಸಿನಲ್ಲಿ ಓಡಾಡುವ ಎಷ್ಟೋ ಜನರಿಗೆ ಒಳಗೆ ಏನು ಕಲಿಸುತ್ತಾರೆ ಅಂತ ಗೊತ್ತಿಲ್ಲ. ಚೆನ್ನಾಗಿಲ್ಲದ ಕಾಲೇಜೂ ಇರಬಹುದು. ಅದೂ ನೋಡಿದರೇ ತಾನೇ ಗೊತ್ತಾಗುವುದು, ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಮೀಸಲಾತಿಗೆ ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪತ್ರ ಬೇಕು. ಅದಕ್ಕೆ ಕೊನೇ ವಾರದಲ್ಲಿ ಓಡಾಡಿ ಕಣ್ಣೀರು ಹಾಕುವವರನ್ನು ಪ್ರತಿ ವರ್ಷ ನೋಡುತ್ತೇನೆ. ಮುಂದಿನ ವರ್ಷ ಮಗು ಪಿಯುಸಿ ಮುಗಿಸುವುದಿದ್ದರೆ ದಸರಾ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಬೇರೆ ಇದೆ. ಅದಕ್ಕೆ ಶಾಲೆಗಳಿಂದ ಓದಿದ ಪತ್ರ ಬರೆಸಿ, ಬಿಇಒ ಸಹಿ ಹಾಕಿಸಬೇಕು. ಶಾಲೆ ಬದಲಿಸಿದ ಮಕ್ಕಳಿಗೆ ಇದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ.

ಕಾಲೇಜು ನೋಡುವ ದಿನ ಮಾಡಲು ದೊಡ್ಡ ಖರ್ಚೇನೂ ಇಲ್ಲ. ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮೂರೂ ಜಿಲ್ಲೆಗಳ ಕಾಲೇಜುಗಳಿಗೆ ಒಂದು ಪತ್ರ ಬರೆದು ದಿನ ಗೊತ್ತು ಮಾಡಿಸಬಹುದು. ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಿಂದ ಒಂದೊಂದು ಬಸ್ಸು ಹೊರಡಲಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ ಇದ್ದೇ ಇದೆ. ಗಂಡುಮಕ್ಕಳ ಟಿಕೆಟ್ಟಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಸ್ವಲ್ಪ ಹಣ ಕೊಟ್ಟರೆ ಆಯಿತು. ಕೂಲಿ ಬಿಟ್ಟು ಬರಲಾಗದ ಅಪ್ಪ ಅಮ್ಮಂದಿರ ಬದಲು ಒಬ್ಬ ಉಪನ್ಯಾಸಕರು ಜೊತೆಗಿದ್ದರೂ ಸಾಕು. ಕಾಲೇಜುಗಳು ಬೋರ್ಡಿನ ಮೇಲೆ ನಾಲ್ಕು ವಿಷಯ ನೇರವಾಗಿ ಬರೆದು ಹಾಕಲಿ: ಸರ್ಕಾರಿ ಸೀಟಿಗೆ ಕಟ್ಟಬೇಕಾದ ಒಟ್ಟು ಹಣ, ಹಾಸ್ಟೆಲ್ ಶುಲ್ಕ, ಯಾವ ಯಾವ ಬ್ರಾಂಚಿಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇದೆ, ಕುಟುಂಬದ ವರಮಾನ 8 ಲಕ್ಷದೊಳಗಿನವರಿಗೆ ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟು ಯಾವುದರಲ್ಲಿದೆ. ನ್ಯಾಕ್ ದರ್ಜೆಯನ್ನು ಎಲ್ಲರೂ ಗೇಟಿನ ಮೇಲೆ ಬರೆಸುತ್ತಾರೆ, ಆದರೆ ಅದು ಇಡೀ ಕಾಲೇಜಿನದು. ನಮ್ಮ ಮಗು ಸೇರುವ ಬ್ರಾಂಚಿನ ಬಗ್ಗೆ ಹೇಳುವುದು ಎನ್‌ಬಿಎ. ಪಾಲಕರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಈಗಾಗಲೇ ತಡವಾಗಿದೆ ಅಂತ ಯಾರೂ ಕೈಬಿಡಬೇಡಿ. ಅಣಕು ಸೀಟು ಹಂಚಿಕೆ ಆದ ಮೇಲೂ ಪಟ್ಟಿ ಬದಲಿಸಲು ಅವಕಾಶ ಕೊಡುತ್ತಾರೆ. ಆ ನಡುವಿನ ದಿನಗಳಲ್ಲಿ ಪಟ್ಟಿಯ ಮೇಲಿನ ಎರಡು ಕಾಲೇಜನ್ನಾದರೂ ಹೋಗಿ ನೋಡಬಹುದು. ನಿಜವಾದ ಹಂಚಿಕೆಯಲ್ಲಿ ಸೀಟು ಬಂದ ಕೂಡಲೇ ಗಾಬರಿಯಲ್ಲಿ ಚಾಯ್ಸ್ 1 ಒತ್ತಬೇಡಿ. ಅದನ್ನು ಒತ್ತಿದರೆ ಆ ಕಾಲೇಜಿಗೆ ಸೇರಿದಂತೆಯೇ. ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು ಚಾಯ್ಸ್ 2, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಚಾಯ್ಸ್ 3, ಪೂರ್ತಿ ಹೊರಗೆ ಬರುವುದು ಚಾಯ್ಸ್ 4. ಮಗುವಿನ ಜೊತೆ ಕೂತು ಮಾತಾಡಿದ ಮೇಲೆ ಒತ್ತಿ, ಸೆಂಟರಿನವನು ಒತ್ತಲು ಬಿಡಬೇಡಿ.

ನಮ್ಮ ಮಿಲ್ಲಿನ ಹಮಾಲರ ಮನೆಗಳಲ್ಲಿ ಈ ವರ್ಷವೂ ಸಿಇಟಿ ಬರೆದ ಮಕ್ಕಳಿದ್ದಾರೆ. ಈ ಮೂರು ಜಿಲ್ಲೆಗಳ ಯಾವ ಕಾಲೇಜು ದಿನ ಗೊತ್ತು ಮಾಡಿ ಪತ್ರಿಕೆಯಲ್ಲಿ ತಿಳಿಸಿದರೂ, ಅವರನ್ನೂ ನನ್ನ ಮಗನನ್ನೂ ನಾನೇ ಕರೆದುಕೊಂಡು ಬರುತ್ತೇನೆ. ಭಾನುವಾರ ಬೇಡ. ಕ್ಲಾಸು, ಲ್ಯಾಬು ನಡೆಯುವ ದಿನವೇ ಇರಲಿ.

ಇತಿ,
ಒಬ್ಬ ಪಾಲಕ
ಕಾರಟಗಿ, ಕೊಪ್ಪಳ ಜಿಲ್ಲೆ