ಮೆಲ್ಬರ್ನ್‌ನಿಂದ ತಂಗಿಗೆ: ವಾರ್ಡಿನ ಕೆಲಸ ಬದಲಾಗಬೇಕಾದ ಬಗೆ

ಚಿ. ಸೌ. ಪುಟ್ಟಿಗೆ,

ಅಕ್ಕನ ಶುಭಾಶೀರ್ವಾದಗಳು. ಅಪ್ಪ, ಅಮ್ಮನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ.

ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ನೀನೊಬ್ಬಳೇ ನರ್ಸ್ ಇರುತ್ತೀಯೆಂದೂ, ಡ್ಯೂಟಿ ಮುಗಿಸಿ ಮನೆಗೆ ಬಂದರೂ ನಿದ್ದೆ ಹತ್ತುವುದಿಲ್ಲವೆಂದೂ, ಯಾರಿಗಾದರೂ ಇಂಜೆಕ್ಷನ್ ಕೊಡುವುದು ತಪ್ಪಿತೇನೋ ಎಂಬ ಅಂಜಿಕೆ ಹಗಲಿಡೀ ಬಿಡುವುದಿಲ್ಲವೆಂದೂ ನಿನ್ನ ಪತ್ರದಲ್ಲಿ ಬರೆದಿದ್ದೆ. ಇದನ್ನು ಮೇಲಿನವರ ಗಮನಕ್ಕೆ ತಂದಾಗ ಅವರು ಒತ್ತಡ ನಿರ್ವಹಣೆಯ ಶಿಬಿರವೊಂದನ್ನು ನಡೆಸಿ, ಪ್ರಾಣಾಯಾಮ ಹೇಳಿಕೊಟ್ಟು, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿರೆಂದು ಕಳುಹಿಸಿದರಂತೆ. ನಿನ್ನ ಮನಸ್ಸೇ ದುರ್ಬಲವಿರಬೇಕು ಎಂದು ನೀನು ಕೊನೆಯಲ್ಲಿ ಬರೆದ ಮಾತನ್ನು ನಾನು ಒಪ್ಪಲಾರೆ. ಪ್ರಾಣಾಯಾಮದ ಬಗ್ಗೆ ನನಗೆ ಗೌರವವಿದೆ. ಆದರೆ ಶಿಬಿರ ಮುಗಿಸಿ ನೀನು ಮರಳಿದ್ದು ಅದೇ ವಾರ್ಡಿಗೆ, ಅಷ್ಟೇ ರೋಗಿಗಳ ಬಳಿಗೆ, ಮತ್ತೆ ಒಬ್ಬಳಾಗಿಯೇ ಅಲ್ಲವೇ? ಅಲ್ಲಿ ಕೆಲಸವನ್ನು ಹಂಚಿರುವ ರೀತಿಯೇ ಕೆಟ್ಟಿರುವಾಗ ನಿನ್ನ ಮನಸ್ಸಿಗೆ ಔಷಧ ಹುಡುಕಿ ಪ್ರಯೋಜನವಿಲ್ಲ.

ಆಸ್ಟ್ರೇಲಿಯಾದಲ್ಲಿ ನಾನಿರುವ ವಿಕ್ಟೋರಿಯಾ ರಾಜ್ಯದಲ್ಲಿಯೂ ಒಂದು ಕಾಲಕ್ಕೆ ನರ್ಸ್‌ಗಳು ಕೆಲಸದ ಹೊರೆ ತಾಳಲಾರದೆ ವೃತ್ತಿಯನ್ನೇ ಬಿಟ್ಟು ಹೋಗುತ್ತಿದ್ದರು. 2000ರಲ್ಲಿ ಅವರ ಸಂಘದ ಹೋರಾಟದ ಫಲವಾಗಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು ಎಂಬ ಪ್ರಮಾಣ ನಿಗದಿಯಾಯಿತು. ಬಿಟ್ಟು ಹೋಗಿದ್ದವರಲ್ಲಿ ಸಾವಿರಾರು ಮಂದಿ ಕೆಲಸಕ್ಕೆ ಮರಳಿದರು. 2011-12ರಲ್ಲಿ ಆ ಪ್ರಮಾಣವನ್ನು ಸಡಿಲಿಸುವ ಯತ್ನ ನಡೆದಾಗ ನರ್ಸ್‌ಗಳು ತಿಂಗಳುಗಟ್ಟಲೆ ಹೋರಾಡಿ ಉಳಿಸಿಕೊಂಡರು, 2015ರಲ್ಲಿ ಅದು ಶಾಸನವೇ ಆಯಿತು. ದೊಡ್ಡ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಹಗಲು ನಾಲ್ಕು ರೋಗಿಗಳಿಗೆ ಒಬ್ಬ ನರ್ಸ್ ಮತ್ತು ಅವರ ಮೇಲೊಬ್ಬ ಉಸ್ತುವಾರಿ ನರ್ಸ್, ರಾತ್ರಿ ಎಂಟು ರೋಗಿಗಳಿಗೆ ಒಬ್ಬರು ಇರಬೇಕು.

ಸಂಖ್ಯೆಗಿಂತಲೂ ನಾನು ಹೆಚ್ಚು ಬೆಲೆ ಕೊಡುವುದು ಪಾಳಿಗಳನ್ನು ಹೊಂದಿಸಿರುವ ಕ್ರಮಕ್ಕೆ. ಇಲ್ಲಿ ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗಳು ಎಂಟೆಂಟು ಗಂಟೆ, ರಾತ್ರಿಯದು ಹತ್ತು ಗಂಟೆ. ಹೀಗಾಗಿ ಮಧ್ಯಾಹ್ನ ಸುಮಾರು ಎರಡು ಗಂಟೆ ಕಾಲ ಎರಡೂ ಪಾಳಿಯವರು ವಾರ್ಡಿನಲ್ಲಿ ಒಟ್ಟಿಗೆ ಇರುತ್ತಾರೆ. ರೋಗಿಗಳ ವಿವರವನ್ನು ಅವಸರವಿಲ್ಲದೆ ಒಪ್ಪಿಸುವುದು, ಹೊಸಬರಿಗೆ ಪಾಠ ಹೇಳುವುದು, ಕುಳಿತು ಊಟ ಮಾಡುವುದು, ಆ ದಿನ ತನ್ನ ರೋಗಿಯನ್ನು ಕಳೆದುಕೊಂಡವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಇರುವುದು, ಇವೆಲ್ಲಕ್ಕೂ ಆಗ ಬಿಡುವು ಸಿಗುತ್ತದೆ. ಮೇಲುನೋಟಕ್ಕೆ ವ್ಯರ್ಥವೆನಿಸುವ ಈ ವೇಳೆಯನ್ನು ಉಳಿತಾಯದ ಹೆಸರಿನಲ್ಲಿ ಕತ್ತರಿಸಿದರೆ, ನೀನು ಬರೆದ ಆ ಅಂಜಿಕೆ ಇಲ್ಲಿನವರನ್ನೂ ಮನೆಯವರೆಗೆ ಹಿಂಬಾಲಿಸುವುದರಲ್ಲಿ ನನಗೆ ಸಂಶಯವಿಲ್ಲ.

ಇದು ಭಾವನೆಯ ಮಾತಷ್ಟೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಕುರಿತು ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆ ಪೂರ್ತಿ ಬಳಲಿ ಬರಿದಾಗುವ ಸಂಭವ ಶೇ. 23ರಷ್ಟೂ, ಶಸ್ತ್ರಚಿಕಿತ್ಸೆಯಾದ ರೋಗಿ ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟೂ ಏರುತ್ತದೆ. ನಿನ್ನ ದಣಿವೂ ನಿನ್ನ ರೋಗಿಯ ಪ್ರಾಣವೂ ಒಂದೇ ಲೆಕ್ಕದಲ್ಲಿ ಸೇರಿವೆ. ಹಣವೆಲ್ಲಿದೆ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉದಾಹರಣೆಯಿದೆ. ಅಲ್ಲಿ 2016ರಲ್ಲಿ 27 ಆಸ್ಪತ್ರೆಗಳಲ್ಲಿ ಇಂಥದೇ ಪ್ರಮಾಣವನ್ನು ತಂದ ಮೇಲೆ, ರೋಗಿಗಳು ಬೇಗ ಗುಣವಾಗಿ ಹೊರಟು, ಮತ್ತೆ ದಾಖಲಾಗುವುದು ಕಡಿಮೆಯಾದದ್ದರಿಂದ ಉಳಿದ ಹಣವು ಹೊಸ ನರ್ಸ್‌ಗಳಿಗೆ ಮಾಡಿದ ಖರ್ಚಿನ ಎರಡರಷ್ಟಾಗಿತ್ತೆಂದು 2021ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ.

2025ರ ಡಿಸೆಂಬರ್ 1ರಿಂದ ಇಲ್ಲಿ ಮತ್ತೊಂದು ನಿಯಮ ಜಾರಿಗೆ ಬಂದಿದೆ. ಈ ಪತ್ರ ಬರೆಯಲು ಅದೇ ಮುಖ್ಯ ಕಾರಣ. ಕೆಲಸದಿಂದ ಮನಸ್ಸಿಗೆ ಆಗಬಹುದಾದ ಅಪಾಯಗಳನ್ನು ಗುರುತಿಸುವುದು ಉದ್ಯೋಗದಾತರ ಕರ್ತವ್ಯ. ಅಪಾಯವನ್ನು ತೊಡೆದುಹಾಕಲು ಆಗದಿದ್ದರೆ ಕೆಲಸದ ವಿನ್ಯಾಸ, ಮೇಲ್ವಿಚಾರಣೆ, ಪರಿಸರ ಇವುಗಳನ್ನು ಬದಲಿಸಿ ಕಡಿಮೆ ಮಾಡಬೇಕು. ಇಂಥ ಬದಲಾವಣೆ ಸಾಧ್ಯವಿರುವಾಗ ಬರೀ ತರಬೇತಿ, ಮಾಹಿತಿಗಳನ್ನೇ ಮುಖ್ಯ ಪರಿಹಾರವೆಂದು ತೋರಿಸುವಂತಿಲ್ಲ. ಅಂದರೆ ನಿಮಗೆ ಮಾಡಿದಂತೆ ಶಿಬಿರ ನಡೆಸಿ ಕೈ ತೊಳೆದುಕೊಳ್ಳಲು ಇಲ್ಲಿ ಕಾನೂನೇ ಬಿಡುವುದಿಲ್ಲ.

ಇಲ್ಲಿ ಎಲ್ಲವೂ ಸರಿಯಿದೆಯೆಂದು ತಿಳಿಯಬೇಡ. ರಜೆಯವರ ಬದಲಿಗೆ ಜನ ಸಿಗದೆ ಎರಡು ಪಾಳಿ ಸೇರಿಸಿ ದುಡಿಯುವವರಿದ್ದಾರೆ. ರೋಗಿಗಳ ಕಡೆಯವರ ಬೈಗುಳ, ಹೊಡೆತ ಇಲ್ಲಿಯೂ ಇವೆ. ವೃದ್ಧಾಶ್ರಮಗಳಲ್ಲಿ ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ ಸಿಗಬೇಕೆಂದು 2024ರ ಅಕ್ಟೋಬರ್‌ನಿಂದ ನಿಯಮವಿದೆ. ಆದರೂ ಮರೆವಿನ ಕಾಯಿಲೆಯ ಅಜ್ಜಿಯೊಬ್ಬರನ್ನು ಸಮಾಧಾನಪಡಿಸಲು ಎಷ್ಟು ಹೊತ್ತು ಬೇಕೆಂಬುದು ಯಾವ ಸರಾಸರಿಗೂ ಸಿಗುವುದಿಲ್ಲ.

ನಮ್ಮಲ್ಲಿ ಹುದ್ದೆಗಳೇ ಖಾಲಿಯಿರುವಾಗ, ಇರುವವರಲ್ಲಿಯೂ ಅನೇಕರು ಗುತ್ತಿಗೆಯ ಮೇಲಿರುವಾಗ, ಇದೆಲ್ಲ ನಾಳೆಯೇ ಬರಲಾರದು. ರಜೆಯವರ ಬದಲಿಗೆಂದು ಶೇ. 30ರಷ್ಟು ಹೆಚ್ಚುವರಿ ನರ್ಸ್‌ಗಳಿರಬೇಕೆಂಬ ಮಾನದಂಡ ಭಾರತೀಯ ಶುಶ್ರೂಷಾ ಪರಿಷತ್ತಿನದೇ ಆದರೂ ಅದು ಪಾಲನೆಯಾಗಬೇಕಲ್ಲ! ಆದರೆ ಸರ್ಕಾರದ ಆದೇಶಕ್ಕೆ ಕಾಯದೆ ಆಸ್ಪತ್ರೆಯ ಮಟ್ಟದಲ್ಲಿಯೇ ಮಾಡಬಹುದಾದವೂ ಇವೆ. ಪಾಳಿ ಪಟ್ಟಿಯನ್ನು ತಿಂಗಳಿಗೆ ಮೊದಲೇ ಹಚ್ಚಬಹುದು. ರಾತ್ರಿ ಪಾಳಿ ಮುಗಿಸಿದವಳಿಗೆ ಅದರ ಬೆನ್ನಿಗೇ ಇನ್ನೊಂದು ಪಾಳಿ ಹಾಕದಿರಬಹುದು. ರಿಜಿಸ್ಟರ್‌ಗಳನ್ನು ತುಂಬುವುದು, ಲ್ಯಾಬಿನ ವರದಿಗೆ ಓಡುವುದು, ಔಷಧದ ಬೇಡಿಕೆ ಪಟ್ಟಿ (ಇಂಡೆಂಟ್) ಬರೆದು ತರುವುದು, ಇವನ್ನೆಲ್ಲ ನರ್ಸ್‌ಗಳ ಕೈಯಿಂದ ತೆಗೆದು ಬೇರೆಯವರಿಗೆ ವಹಿಸಿದರೆ ನಿನಗೆ ರೋಗಿಯ ಬಳಿ ನಿಲ್ಲಲು ಎಷ್ಟು ಹೊತ್ತು ಉಳಿಯುತ್ತದೆಂದು ನೀನೇ ಲೆಕ್ಕ ಹಾಕು.

ನನ್ನದೊಂದು ಕೋರಿಕೆ. ನಿನ್ನ ಜೊತೆಯವರೆಲ್ಲ ಸೇರಿ ಒಂದು ನೋಟ್‌ಬುಕ್ ಇಡಿ. ಪ್ರತಿ ಪಾಳಿಯಲ್ಲಿ ರೋಗಿಗಳೆಷ್ಟು, ನರ್ಸ್‌ಗಳೆಷ್ಟು, ಊಟಕ್ಕೆ ಬಿಡುವು ಸಿಕ್ಕಿತೇ, ಎಷ್ಟು ಹೊತ್ತು ಬರವಣಿಗೆಯಲ್ಲಿ ಕಳೆಯಿತು ಎಂದು ಬರೆಯಿರಿ. ರೋಗಿಗಳ ಹೆಸರು ಬೇಡ. ಕೆಲವು ತಿಂಗಳಾದ ಮೇಲೆ ಎಲ್ಲರೂ ಸಹಿ ಹಾಕಿ, ಸಂಘದ ಮೂಲಕ ಅಧೀಕ್ಷಕರಿಗೆ ಕೊಡಿ. ನೀನೊಬ್ಬಳೇ ಹೋಗಿ ಹೇಳಬೇಡ. ಒಬ್ಬಳು ಹೇಳಿದರೆ ದೂರೆನಿಸುತ್ತದೆ, ಮತ್ತೆ ಶಿಬಿರಕ್ಕೇ ಕಳುಹಿಸುತ್ತಾರೆ. ಈ ನಡುವೆ ನಿದ್ದೆ ಸರಿಹೋಗದಿದ್ದರೆ ತಡಮಾಡದೆ ವೈದ್ಯರನ್ನು ಕಾಣು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಅದು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಚಿಕಿತ್ಸೆ ಪಡೆಯುವುದಕ್ಕೂ ಕೆಲಸ ಬದಲಾಗಬೇಕೆಂದು ಕೇಳುವುದಕ್ಕೂ ವಿರೋಧವಿಲ್ಲ.

ಮುಂದಿನ ಪತ್ರದಲ್ಲಿ ನಿಮ್ಮ ವಾರ್ಡಿನ ಈಗಿನ ಪಾಳಿ ಪಟ್ಟಿಯ ಪ್ರತಿಯೊಂದನ್ನು ಕಳುಹಿಸು. ಇರುವಷ್ಟೇ ಜನರಲ್ಲಿ ಅದನ್ನು ಬೇರೆ ರೀತಿ ಹೊಂದಿಸಲು ಸಾಧ್ಯವೇ ಎಂದು ನಾನೂ ಕುಳಿತು ನೋಡುತ್ತೇನೆ.

ಇಂತಿ,
ನಿನ್ನ ಪ್ರೀತಿಯ ಅಕ್ಕ