ಮಿಂಚುಹುಳುವಿಗೆ ಕತ್ತಲು ಬೇಕು

ಮಾನ್ಯ ಸಂಪಾದಕರೆ,

ಜೀರುಂಡೆ ಜಾತಿಯ ಕೀಟವೆಂದರೆ ಕೊಡಗಿನ ಬೆಳೆಗಾರರಿಗೆ ಮೊದಲು ನೆನಪಾಗುವುದು ಅರೇಬಿಕಾ ಕಾಫಿ ಗಿಡವನ್ನು ಒಳಗಿಂದ ತಿಂದು ಒಣಗಿಸುವ ಬಿಳಿ ಕಾಂಡಕೊರಕ. ಅದೇ ಗಣಕ್ಕೆ ಸೇರಿದ, ಯಾವ ಬೆಳೆಗೂ ಕೇಡು ಮಾಡದ ಮಿಂಚುಹುಳುವಿನ ಬಗ್ಗೆ ನಾವು ಯೋಚಿಸಿದ್ದೇ ಕಡಿಮೆ. ಮುಂಗಾರು ಹಿಡಿಯುವ ಮುನ್ನ ಕೊಲ್ಲಿಯ (ಸಣ್ಣ ತೊರೆಯ) ಅಂಚಿನ ಮರಗಳಲ್ಲಿ ಮಿನುಗುತ್ತಿದ್ದ ಈ ಹುಳುಗಳು ನಮ್ಮ ಭಾಗದಲ್ಲಿ ಈಗ ವಿರಳವಾಗಿವೆ.

ರೆಕ್ಕೆ ಬಂದ ಮೇಲೆ ಮಿಂಚುಹುಳು ಬದುಕುವುದು ಕೆಲವೇ ವಾರ. ಅದಕ್ಕೂ ಹಿಂದಿನ ತಿಂಗಳುಗಳನ್ನು, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಮೀರಿದ ಕಾಲವನ್ನು, ಅದು ತೇವದ ಮಣ್ಣು ಮತ್ತು ತರಗೆಲೆಯ ನಡುವೆ ಮರಿಹುಳುವಾಗಿ, ಹೆಚ್ಚಾಗಿ ಬಸವನಹುಳುಗಳನ್ನು ತಿಂದು ಕಳೆಯುತ್ತದೆ. ಹೀಗಾಗಿ ಪಾಳುಬಿದ್ದ ಗದ್ದೆಗೆ ಮಣ್ಣು ತುಂಬಿಸಿ, ಕೊಲ್ಲಿಯ ದಂಡೆಯನ್ನು ಜೆಸಿಬಿಯಿಂದ ಸವರಿ ಕಟ್ಟಡ ಎಬ್ಬಿಸಿದಾಗ ಮುಂದಿನ ವರ್ಷ ಮಿನುಗಬೇಕಾದ ಸಂತತಿಯೇ ಹೂತುಹೋಗುತ್ತದೆ. ಕೆಲವು ಜಾತಿಗಳ ಹೆಣ್ಣಿಗೆ ರೆಕ್ಕೆಯೇ ಇರುವುದಿಲ್ಲ. ನೆಲೆ ಹಾಳಾದರೆ ಅವು ಬೇರೆಡೆಗೆ ಹಾರಿಹೋಗಲಾರವು.

ವಿವಿಧ ದೇಶಗಳ ತಜ್ಞರ ಅಭಿಪ್ರಾಯ ಸಂಗ್ರಹಿಸಿ 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನೆಲೆಯ ನಾಶ, ಕೃತಕ ಬೆಳಕು, ಕೀಟನಾಶಕ ಇವನ್ನೇ ಮುಖ್ಯ ಅಪಾಯಗಳೆಂದು ಗುರುತಿಸಿದೆ. ಅಮೆರಿಕದ ಡೆಲವೇರ್ ಕರಾವಳಿಯ ಒಂದು ಜಾತಿಯಂತೂ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿದೆ. ಗಂಡು ಮಿನುಗಿ ಕರೆಯುವುದು, ಹೆಣ್ಣು ಮಿನುಗಿ ಉತ್ತರಿಸುವುದು ಇವುಗಳಲ್ಲಿ ಹಲವು ಜಾತಿಗಳ ಕ್ರಮವಾದ್ದರಿಂದ, ಹೋಂಸ್ಟೇ, ರೆಸಾರ್ಟ್‌ಗಳು ರಾತ್ರಿಯಿಡೀ ಮರಗಳ ಮೇಲೆ ಬಿಡುವ ಫ್ಲಡ್‌ಲೈಟ್ ಬೆಳಕಿನಲ್ಲಿ ಜೋಡಿ ಕೂಡುವುದೇ ಕಷ್ಟವಾಗುತ್ತದೆ. ಕಾಡಿನ ರಾತ್ರಿಯನ್ನು ಸವಿಯಲು ಬಂದ ಪ್ರವಾಸಿಗರಿಗೆ ಇಷ್ಟೊಂದು ದೀಪ ಏಕೆ ಬೇಕೋ ತಿಳಿಯದು.

ವಿಷದ ವಿಚಾರ ಇನ್ನೂ ಸೂಕ್ಷ್ಮ. ಶನಿವಾರಸಂತೆ ಸುತ್ತಮುತ್ತ ಆಫ್ರಿಕನ್ ದೈತ್ಯ ಬಸವನಹುಳುವಿನ ಕಾಟದಿಂದ ಬೆಳೆಗಾರರು ಪಟ್ಟ ನಷ್ಟ ಸಣ್ಣದಲ್ಲ, ಅದನ್ನು ಹತೋಟಿಗೆ ತರಲೇಬೇಕು. ಆದರೆ ಬಸವನಹುಳುಗಳನ್ನು ಕೊಲ್ಲುವ ಮೆಟಾಲ್ಡಿಹೈಡ್ ಮಾತ್ರೆಗಳನ್ನು ಕೊಲ್ಲಿ ದಂಡೆಯವರೆಗೂ ಎರಚಿದರೆ ಊರಿನ ಸಣ್ಣ ಬಸವನಹುಳುಗಳೂ ಸತ್ತು, ಮಿಂಚುಹುಳುವಿನ ಮರಿಗೆ ಆಹಾರವಿಲ್ಲದಂತಾಗುತ್ತದೆ. ಶ್ರೀಲಂಕಾದ ಒಂದು ದೊಡ್ಡ ಜಾತಿಯ ಮಿಂಚುಹುಳುವಿನ ಮರಿಗಳು ಇದೇ ಆಫ್ರಿಕನ್ ಬಸವನಹುಳುವನ್ನು ಬೇಟೆಯಾಡುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆದ್ದರಿಂದ ಹೋಂಸ್ಟೇ ಪರವಾನಗಿ ನೀಡುವಾಗ ಮತ್ತು ನವೀಕರಿಸುವಾಗ, ಮೇ ಮತ್ತು ಜೂನ್ ತಿಂಗಳಲ್ಲಿ ರಾತ್ರಿ ಎಂಟರ ನಂತರ ಹೊರಾಂಗಣದ ಫ್ಲಡ್‌ಲೈಟ್ ಆರಿಸಬೇಕು, ಉಳಿದ ದೀಪಗಳು ನೆಲದ ಕಡೆಗೆ ಮಾತ್ರ ಬೆಳಗಬೇಕು ಎಂಬ ಷರತ್ತನ್ನು ಜಿಲ್ಲಾಡಳಿತ ವಿಧಿಸಬೇಕು. ಕೊಲ್ಲಿಯ ಎರಡೂ ಬದಿಯಲ್ಲಿ ಮಾತ್ರೆ ಎರಚುವ ಬದಲು ಆಫ್ರಿಕನ್ ಬಸವನಹುಳುಗಳನ್ನು ಕೈಯಿಂದ ಆರಿಸಿ ನಾಶಪಡಿಸಲು ಗ್ರಾಮ ಪಂಚಾಯಿತಿಗಳು ಕೂಲಿಯ ನೆರವು ಒದಗಿಸಬೇಕೆಂದು ಕೋರುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು