ಕಾವಲಿನ ಹುಲ್ಲು ಹುಲ್ಲಾಗಿಯೇ ಉಳಿಯಲಿ

ಮಾನ್ಯ ಸಂಪಾದಕರೇ,

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಮೇಲೆ ಅಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುತ್ತ ಬಂದಿದೆ. 2023ರ ಏಪ್ರಿಲ್‌ನಲ್ಲಿ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ ಬಿಟ್ಟ ಇಸ್ರೊದ ಮರುಬಳಕೆಯ ಉಡಾವಣಾ ವಾಹನವು ತಾನಾಗಿಯೇ ಬಂದು ಇಳಿದದ್ದೂ ಇದೇ ರನ್‌ವೇಯಲ್ಲಿ. ಜಿಲ್ಲೆಯವರಿಗೆ ಇದು ಹೆಮ್ಮೆಯ ಸಂಗತಿ. ಇಂಥ ನೆಲೆ ಒಮ್ಮೆ ಕಟ್ಟಿ ಮುಗಿಯುವಂಥದ್ದಲ್ಲ. ಪರೀಕ್ಷೆಗಳು ಹೆಚ್ಚಿದಂತೆ ಹ್ಯಾಂಗರು, ರಸ್ತೆ, ವಿದ್ಯುತ್ ಮಾರ್ಗ, ವಸತಿ ಎಲ್ಲವೂ ಬೆಳೆಯುತ್ತವೆ. ಬೆಳೆಯಬಾರದೆಂದು ನಾನು ಈ ಪತ್ರ ಬರೆಯುತ್ತಿಲ್ಲ. ಹಾಗೆ ಬೆಳೆಯುವಾಗ ಸುತ್ತಲಿನ ಹುಲ್ಲುಗಾವಲನ್ನು ಏನೆಂದು ತಿಳಿದು ನಡೆಸಿಕೊಳ್ಳುತ್ತೇವೆ ಎಂಬುದರ ಬಗ್ಗೆ ಮಾತ್ರ ನನ್ನ ಅರಿಕೆ.

ಈ ನೆಲಕ್ಕೂ ಸೈನ್ಯಕ್ಕೂ ನಂಟು ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದು ಟಿಪ್ಪುವಿನ ಕಾಲದಲ್ಲಿ ‘ಅಮೃತ್ ಮಹಲ್’ ಎಂದಾದ ಇಲಾಖೆ ಸಾಕಿದ ಎತ್ತುಗಳೇ ಮೈಸೂರಿನ ತೋಪುಗಳನ್ನೂ ದಂಡಿನ ಸಾಮಾನನ್ನೂ ಎಳೆದವು. 1799ರ ನಂತರ ಬ್ರಿಟಿಷರೂ ಅವುಗಳನ್ನು ಬಿಡಲಿಲ್ಲ. ಆ ದನಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಅವುಗಳನ್ನು ವಿಂಗಡಿಸಿ, ಮಂದೆಯನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವ ಪದ್ಧತಿ ಇತ್ತು. ಒಂದು ಕಾವಲಿನಲ್ಲಿ ದನ ಮೇಯುವಾಗ ಮತ್ತೊಂದರಲ್ಲಿ ಹುಲ್ಲು ಚಿಗುರಿ, ತೆನೆ ಬಿಟ್ಟು, ಬೀಜ ಉದುರಿಸುತ್ತಿತ್ತು. ಸೈನ್ಯದ ಅಗತ್ಯವೇ ಈ ಹುಲ್ಲನ್ನು ಶತಮಾನಗಳ ಕಾಲ ನೇಗಿಲಿನಿಂದ ಕಾಪಾಡಿತು ಎಂದರೆ ತಪ್ಪಾಗಲಾರದು.

ಇಂಥ ಕಾವಲು ನಮ್ಮ ಸರ್ಕಾರಿ ದಾಖಲೆಗಳಲ್ಲಿ ಎಷ್ಟೋ ಕಡೆ ‘ಬಂಜರು’ ಎಂದಿದೆ. 2008ರ ನಂತರ ಇಲ್ಲಿನ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೂ ಒಂದು ಸೌರವಿದ್ಯುತ್ ಯೋಜನೆಗೂ ಹಂಚಿಕೆಯಾದಾಗ ಊರಿನವರ ಆಕ್ಷೇಪ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, 2014ರ ಆಗಸ್ಟ್‌ನಲ್ಲಿ ತೀರ್ಪೂ ಬಂತು. ಆ ವ್ಯಾಜ್ಯವನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ಆದರೆ ‘ಬಂಜರು’ ಎಂಬ ಆ ಒಂದು ಮಾತು ಇಂದಿಗೂ ಕೆಡುಕು ಮಾಡುತ್ತಿದೆ. ಕಳೆದ ಮಳೆಗಾಲ ಮುಗಿದ ಮೇಲೆ ಒಬ್ಬ ಕುರಿಗಾಹಿ ನನಗೆ ಕರಡ ಹುಲ್ಲಿನ ಒಂದು ಬುಡವನ್ನು ಅಗೆದು ತೋರಿಸಿದರು. ಮೇಲೆ ಮೊಣಕಾಲೆತ್ತರದ ಒಣ ಹುಲ್ಲು. ಕೆಳಗೆ ಗೇಣುದ್ದದ ಮಣ್ಣಿನ ಹೆಂಟೆಯನ್ನು ಕೂದಲಿನಷ್ಟು ಸಣ್ಣ ಬೇರುಗಳು ಹೆಣೆದು ಹಿಡಿದಿದ್ದವು, ಎಷ್ಟು ಕೊಡವಿದರೂ ಮಣ್ಣು ಉದುರಲಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಬಿದ್ದ ಹನಿಯನ್ನು ನೆಲಕ್ಕೆ ಇಳಿಸುವುದು ಆ ಬೇರುಗಳೇ. ಅದೇ ಬುಡದ ಮಗ್ಗುಲಲ್ಲಿ, ದನದ ಗೊರಸು ಊರಿದ ಕುಳಿಯೊಳಗೆ ನೆಲಗುಬ್ಬಿಯ ಹಳೆಯ ಗೂಡೊಂದಿತ್ತು.

ಆದ್ದರಿಂದ ನನ್ನ ಮೊದಲ ಬೇಡಿಕೆ: ಹಸಿರೀಕರಣದ ಹೆಸರಿನಲ್ಲಿ ಈ ಬಯಲಿನಲ್ಲಿ ದಯಮಾಡಿ ಮರ ನೆಡಬೇಡಿ. ನೀಲಗಿರಿ, ಅಕೇಶಿಯಾ ಸಾಲುಗಳು ಬಂದರೆ ಕೃಷ್ಣಮೃಗಕ್ಕೂ ತೋಳಕ್ಕೂ ನೆಲೆ ತಪ್ಪುತ್ತದೆ. ಬಳ್ಳಾರಿ ಜಾಲಿಯನ್ನಂತೂ ಎಳೆಯ ಗಿಡವಾಗಿರುವಾಗಲೇ ಕೀಳಿಸಬೇಕು. ಹೊಸ ವಿದ್ಯುತ್ ತಂತಿಗಳನ್ನು ನೆಲದಡಿಯಲ್ಲೇ ಎಳೆಯಬೇಕು. ಎರೆಭೂತ ಹಕ್ಕಿಗೆ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮುಂದಿನ ನೋಟ ಕಿರಿದು, ಮೈಭಾರ ಹೆಚ್ಚು. ತಂತಿ ಕಣ್ಣಿಗೆ ಬೀಳುವಷ್ಟರಲ್ಲಿ ಅದು ಬಡಿದು ಸತ್ತಿರುತ್ತದೆ. ನಮ್ಮ ರಾಜ್ಯದಲ್ಲಿ ಈಗ ಅದು ಉಳಿದಿರುವುದು ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು.

ಸೈನ್ಯದ ನೆಲದಲ್ಲಿ ಹಕ್ಕಿ ಬದುಕುವುದಿಲ್ಲ ಎನ್ನುವವರು ರಾಜಸ್ಥಾನದತ್ತ ನೋಡಬೇಕು. ಎರೆಭೂತದ ಕೊನೆಯ ಆಸರೆಗಳಲ್ಲಿ ಪೋಖ್ರಾನ್ ಗುಂಡಿನಭ್ಯಾಸದ ವಲಯವೂ ಒಂದು. ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನಲ್ಲಿ ಸೈನ್ಯ 1897ರಿಂದ ಜಮೀನು ಕೊಳ್ಳುತ್ತ ಬಂದು, ಈಗ ಆ ತರಬೇತಿ ವಲಯ 90,000 ಎಕರೆಗೂ ಮೀರಿದೆ. ಟ್ಯಾಂಕುಗಳು ಓಡಾಡುವ ಆ ನೆಲದಲ್ಲಿ ಉಳುಮೆ, ಗೊಬ್ಬರ ಹೆಚ್ಚಾಗಿ ಇಲ್ಲದ್ದರಿಂದಲೇ ಹಳೆಯ ಹುಲ್ಲುಗಾವಲು ಉಳಿಯಿತು. ಎರೆಭೂತದ ದಾಯಾದಿಯಾದ ದೊಡ್ಡ ಬಸ್ಟರ್ಡ್ ಬ್ರಿಟನ್ನಿನಲ್ಲಿ 1832ರ ಹೊತ್ತಿಗೆ ಸಂತಾನವಿಲ್ಲದೆ ಹೋಗಿತ್ತು; 2004ರಲ್ಲಿ ರಷ್ಯಾದಿಂದ ತಂದು ಬಿಟ್ಟ ಮೇಲೆ 2009ರಲ್ಲಿ ಅದೇ ಬಯಲಿನಲ್ಲಿ ಮರಿ ಮಾಡಿತು. ಅಭ್ಯಾಸದ ವೇಳೆಗೆ ಹೊಂದಿಸಿಕೊಂಡು ಗೇಣಿದಾರರ ದನಗಳೂ ಅಲ್ಲಿ ಮೇಯುತ್ತವೆ.

ಇಲ್ಲಿಯೂ ಅದು ಅಸಾಧ್ಯವಲ್ಲ. ರನ್‌ವೇಯ ಸುತ್ತ ಬಿಗಿ ಬೇಲಿ ಇರಲೇಬೇಕು. ಅಲ್ಲಿ ಒಂದು ಕುರಿ ನುಗ್ಗಿದರೂ ಅಪಾಯ. ಆದರೆ ಅದರಾಚೆಗಿನ ಸಾವಿರಾರು ಎಕರೆಯಲ್ಲಿ ಪರೀಕ್ಷೆ ಇಲ್ಲದ ದಿನಗಳಂದು, ಗುರುತಿನ ಚೀಟಿ ಕೊಟ್ಟು, ಒಂದು ಗೇಟಿನಿಂದ ಒಳಬಿಟ್ಟು ಸಂಜೆ ಎಣಿಸಿ ಹೊರಗೆ ಕಳಿಸಿದರೆ ಭದ್ರತೆಗೆ ಯಾವ ಕುಂದು? ಕಂಬಳಿ ನೇಯುವ ಕುರುಬರ ಮನೆಗಳೂ, ದೇವರ ಎತ್ತುಗಳನ್ನು ಕಾಯುವ ಮ್ಯಾಸನಾಯಕರ ಕಿಲಾರಿಗಳೂ ಇರುವ ಸೀಮೆ ಇದು. ಹಿತಮಿತವಾಗಿ ದನ ಕುರಿ ಮೇಯದಿದ್ದರೆ ಹುಲ್ಲು ಒಣಗಿ ನಿಂತು ಬೆಂಕಿಗೆ ಮೇವಾಗುತ್ತದೆ ಎಂಬುದನ್ನೂ ಅಧಿಕಾರಿಗಳು ಗಮನಿಸಬೇಕು.

ಮೇಯಿಸಲು ಬಿಡುವುದು ಸದ್ಯಕ್ಕೆ ಕಷ್ಟವೆನಿಸಿದರೆ, ಹಿಂಗಾರು ಮುಗಿದು ಹುಲ್ಲಿನ ಬೀಜ ಉದುರಿದ ಮೇಲೆ ಡಿಸೆಂಬರಿನಲ್ಲಿ ಹದಿನೈದು ದಿನವಾದರೂ ಸುತ್ತಲಿನ ಊರಿನವರು ಹುಲ್ಲು ಕೊಯ್ದುಕೊಳ್ಳಲು ಜಿಲ್ಲಾಡಳಿತ ಮತ್ತು ಸಂಸ್ಥೆಗಳು ಕೂಡಿ ವ್ಯವಸ್ಥೆ ಮಾಡಲಿ. ಒಂದೊಂದು ಗಾಡಿ ಹುಲ್ಲು ಸಿಕ್ಕರೂ ಬೇಸಿಗೆಯ ಎರಡು ತಿಂಗಳು ಎತ್ತುಗಳನ್ನು ಸಂತೆಗೆ ಹೊಡೆಯುವುದು ತಪ್ಪುತ್ತದೆ.

ಇತಿ,
ಓದುಗ, ಚಳ್ಳಕೆರೆ ತಾಲ್ಲೂಕು